ಕ್ಯಾನುಲಾದ ತುದಿಯ ಹನಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕಣ್ಣಿನ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ನನ್ನ ಅರ್ಧ ಆಯುಸ್ಸು ಕಳೆದಿದೆ. ದೆವ್ವಗಿವ್ವ ಅಂದರೆ ನಗುವವಳು ನಾನು.

ಅವತ್ತು ಮಧ್ಯಾಹ್ನ ಒಬ್ಬರು ಅಜ್ಜಿಯ ಪೊರೆ ತೆಗೆದು, ಕಣ್ಣಿಗೆ ಪಟ್ಟಿ ಕಟ್ಟಿ ವಾರ್ಡಿಗೆ ಕಳಿಸಿದ್ದೆವು. ಆಪರೇಷನ್ ಆಗುವಾಗ ಕಣ್ಣೊಳಗೆ ನೀರು ಹಾಯಿಸುವ, ಸೂಜಿಯಂಥ ಸಣ್ಣ ಕೊಳವೆಗೆ ಕ್ಯಾನುಲಾ ಅನ್ನುತ್ತೇವೆ. ಅದನ್ನು ಸಿರಿಂಜಿಗೆ ಸಿಕ್ಕಿಸಿ ತೊಳೆಯುತ್ತಿದ್ದೆ. ಕೊನೆಯ ಹನಿ ತುದಿಯಲ್ಲೇ ನಿಂತಿತು. ಕೊಡವುವಂತಿಲ್ಲ, ತುದಿ ಬಾಗಿಬಿಡುತ್ತದೆ. ಕಾದೆ. ಹನಿಯೊಳಗೆ ಯಾವಾಗಲೂ ನಮ್ಮ ದೀಪ ತಲೆಕೆಳಗಾಗಿ ಕಾಣುತ್ತದೆ. ಅವತ್ತು ಕಂಡದ್ದು ಬಿಸಿಲು ತುಂಬಿದ ಒಂದು ಅಂಗಳ. ಅದೂ ಕಿಟಕಿಯೇ ಇಲ್ಲದ ಕೋಣೆಯಲ್ಲಿ!

“ಅಕ್ಕಾ, ಸ್ವಲ್ಪ ಬನ್ನಿ,” ಅಂತ ಹೆಡ್ ನರ್ಸನ್ನು ಕರೆದೆ. ಅವರು ಬಗ್ಗಿ ನೋಡಿ, ದೀಪ ಆರಿಸಿದರು. ಹನಿ ಬೆಳಗುತ್ತಲೇ ಇತ್ತು. ಅಂಗಳದಲ್ಲಿ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಹಣೆಗೆ ಕೈ ಅಡ್ಡ ಹಿಡಿದು ನಮ್ಮತ್ತಲೇ ನೋಡಿದಳು. ಗ್ಲೌಸ್ ಹಾಕಿದ್ದರೂ ನನ್ನ ಬೆರಳಿಗೆ ಬಿಸಿಲಿನ ಕಾವು ತಾಗುತ್ತಿತ್ತು.

“ಅಲ್ಲಾಡಬೇಡ ಕಣೇ,” ಅಂದರು ಅಕ್ಕ. ಅಷ್ಟರಲ್ಲಿ ಹನಿ ಉದುರಿತು. ಕೆಳಗಿನ ಟ್ರೇ ಒದ್ದೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನೇ ಪಟ್ಟಿ ಬಿಚ್ಚಿದರು. ಅಜ್ಜಿ ಅಕ್ಕನ ಹುಬ್ಬಿನ ಮೇಲಿನ ಮಚ್ಚೆಯನ್ನು ದಿಟ್ಟಿಸಿದರು, ಆಮೇಲೆ ನನ್ನನ್ನು.

“ಚಿಕ್ಕವಳಿದ್ದಾಗ ಅಂಗಳದಲ್ಲಿ ನಿಂತು ನಿಮ್ಮಿಬ್ಬರನ್ನ ನೋಡಿದ್ದೆ ಕಣಮ್ಮಾ. ಆಕಾಶದ ತುಂಬ ಎರಡೇ ಮುಖ, ತಲೆಕೆಳಗಾಗಿ. ಮನೇಲಿ ಯಾರೂ ನಂಬಲಿಲ್ಲ.”