ಕೃತಕರೋಗಿಯ ಅತ್ತೆ

ಹಾಸಿಗೆಯ ಮೇಲಿದ್ದ ಬಾಣಂತಿಯ ಕೈ ನಿಧಾನವಾಗಿ ತಣ್ಣಗಾಗತೊಡಗಿತು. ಹಣೆಯಲ್ಲಿ ಬೆವರು ಮೂಡಿತು, ನಾಡಿ ನೂರಹತ್ತಕ್ಕೆ ಏರಿತು, ನಡುವಿನ ಕೆಳಗೆ ಕೆಂಪು ದ್ರವ ಸದ್ದಿಲ್ಲದೆ ಹರಡಿತು. ಅವಳು ಹೆತ್ತವಳೂ ಅಲ್ಲ, ಹೆಣ್ಣೂ ಅಲ್ಲ. ಗದಗಿನ ನರ್ಸಿಂಗ್ ಕಾಲೇಜೊಂದರ ಪರೀಕ್ಷಾ ಕೊಠಡಿಯಲ್ಲಿ ಮಲಗಿಸಿದ್ದ ಯಂತ್ರದ ಗೊಂಬೆ, ಕೃತಕರೋಗಿ.

ಅದನ್ನು ರೂಪಿಸಿದವರು ಡಾ. ಸುಧೀಂದ್ರ ಹಂಪಿಹೊಳಿ. ಪುಸ್ತಕ ಉರುಹೊಡೆದು ಪಾಸಾದ ನರ್ಸುಗಳ ಕೈಯಲ್ಲಿ ರೋಗಿಗಳು ಸಾಯಬಾರದು ಎಂಬುದು ಅವರ ಪ್ರಾಮಾಣಿಕ ಆಸೆ. ವಿದ್ಯಾರ್ಥಿನಿ ಏನನ್ನು ಮೊದಲು ನೋಡಿದಳು, ಎಲ್ಲಿ ಮುಟ್ಟಿದಳು, ಏನು ಕೇಳಿದಳು, ಅಪಾಯವನ್ನು ಗುರುತಿಸಲು ಎಷ್ಟು ಹೊತ್ತು ಹಿಡಿಯಿತು, ಎಲ್ಲವನ್ನೂ ಅಳೆದು ಯಂತ್ರ ‘ನಿರ್ಣಯಾಂಕ’ ಎಂಬ ಒಂದು ಅಂಕಿ ಕೊಡುತ್ತಿತ್ತು. ಅರವತ್ತಕ್ಕೆ ಕಡಿಮೆಯಾದರೆ ಫೇಲು. ಮೂರು ಸಲ ಫೇಲಾದವರು ಮನೆಗೆ. ಯಂತ್ರದ ಹತ್ತಿರ ಯಾರ ವಶೀಲಿಯೂ ನಡೆಯುವುದಿಲ್ಲವೆಂದು ಜನ ಹಿಗ್ಗಿದರು. ನಮ್ಮ ಜನಕ್ಕೆ ನ್ಯಾಯವೆಂದರೆ ಅಷ್ಟೇ.

ಕಸ್ತೂರಿ ಹೂಗಾರಳಿಗೆ ಅದು ಮೂರನೆಯ ಸಲ. ಉಳಿದವರೆಲ್ಲ ಒಳಗೆ ಬಂದವರೇ “ನಿಮಗೇನು ತೊಂದರೆ?” ಎಂದು ಕೇಳಿದ್ದರು. “ರಕ್ತ ಬಹಳ ಹೋಗುತ್ತಿದೆ” ಎಂದು ಕೃತಕರೋಗಿ ಹೇಳಿತ್ತು. ನಲವತ್ತು ಸೆಕೆಂಡಿನಲ್ಲಿ ಕೆಲಸ ಮುಗಿದಿತ್ತು. ಕಸ್ತೂರಿ ಮಾತ್ರ ಆ ಪ್ರಶ್ನೆ ಕೇಳಲಿಲ್ಲ. ಕೂಸು ಹಾಲು ಕುಡಿಯಿತೇ ಎಂದಳು, ಪಾದ ಒತ್ತಿದಳು, ಹೊದಿಕೆ ಸರಿಪಡಿಸುವ ನೆವದಲ್ಲಿ ನಡುವಿನ ಕೆಳಗೆ ಕೈಯಿಟ್ಟಳು. ರಕ್ತ ಸಿಕ್ಕಿತು. ಆದರೆ ಆಗಲೇ ನಾಲ್ಕು ನಿಮಿಷ ಆಗಿತ್ತು. ನಿರ್ಣಯಾಂಕ ಐವತ್ತೊಂದು.

ಹಂಪಿಹೊಳಿಯವರು ಅವಳನ್ನು ಕರೆಸಿ, ನೇರವಾಗಿ ಕೇಳಲು ಏನು ಧಾಡಿ ಎಂದು ಗದರಿಸಿದರು.

“ನಮ್ಮವ್ವ ಇಪ್ಪತ್ತು ವರ್ಷ ಬಾಣಂತೇರಿಗೆ ನೀರು ಎರದಾಳ್ರಿ ಸರ್,” ಎಂದಳು ಕಸ್ತೂರಿ. “ಅತ್ತಿ ಮುಂದ ಯಾವಾಕೀನೂ ಬಾಯಿ ಬಿಡೂದಿಲ್ಲ. ಕೇಳಿದ್ರ ‘ಏನಿಲ್ರಿ’ ಅಂತಾರ. ಒಮ್ಮೆ ಅಂದ್ರ ಅದನ್ನ ಹಿಡಕೊಂಡು ಕೂಡ್ತಾರ. ಬಚ್ಚಲದಾಗ ಎರಡು ಚರಿಗಿ ನೀರು ಬಿದ್ದ ಮ್ಯಾಲೆ ಹೇಳ್ತಾರ್ರಿ.”

“ಇಲ್ಲೆ ಅತ್ತಿ ಎಲ್ಲಿದ್ಲು?”

“ಇರ್ಲಿಲ್ರಿ. ಇರಬೇಕಿತ್ರಿ.”

ಹಂಪಿಹೊಳಿ ನಕ್ಕರು. ಕೆಟ್ಟ ಮನುಷ್ಯರಲ್ಲ, ಯಂತ್ರ ಸುಳ್ಳು ಹೇಳುವುದಿಲ್ಲವೆಂಬ ಹೆಮ್ಮೆ ಅವರದು. ಸುಳ್ಳು ಹೇಳದ ರೋಗಿ ಎಲ್ಲಿದ್ದಾನೆ ಎಂದು ಅವರಿಗೆ ಹೊಳೆಯಲಿಲ್ಲ. ಕಸ್ತೂರಿಯ ಹೆಸರಿಗೆ ಗೀಟು ಬಿತ್ತು. ನರ್ಸಾಗಬೇಕಿದ್ದವಳು ಊರಿನ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ಸೇರಿದಳು.

ಮರುವರ್ಷ ಅಲ್ಲಿಗೆ ರೇಣವ್ವ ಎಂಬ ಇಪ್ಪತ್ತೊಂದರ ಹುಡುಗಿ ಹೆರಿಗೆಗೆ ಬಂದಳು. ಹೆತ್ತ ಮರುದಿನ ಬೆಳಿಗ್ಗೆ ವಾರ್ಡಿನ ನರ್ಸು, ತೊಂಬತ್ತೆಂಟು ನಿರ್ಣಯಾಂಕದವಳು, ಏನಾದರೂ ತ್ರಾಸವಿದೆಯೇ ಎಂದು ಕೇಳಿದಳು. ಪಕ್ಕದಲ್ಲಿ ಅತ್ತೆ ಕುಳಿತಿದ್ದಳು. “ಏನಿಲ್ರಿ,” ಎಂದಳು ರೇಣವ್ವ. ನಾಡಿ ಸ್ವಲ್ಪ ಹೆಚ್ಚಿತ್ತು, ರಕ್ತದೊತ್ತಡ ಮಿತಿಯೊಳಗಿತ್ತು. ಎಳೆಯ ದೇಹ ರಕ್ತ ಕಳೆದುಕೊಂಡರೂ ಕೊನೆಯವರೆಗೆ ಮರ್ಯಾದೆ ಕಾಯುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ದೂರಿಲ್ಲ ಎಂದು ನರ್ಸು ಬರೆದಳು.

ರೇಣವ್ವನನ್ನು ಬಚ್ಚಲಿಗೆ ಕರೆದೊಯ್ದ ಕಸ್ತೂರಿಗೆ ಅಲ್ಲಿ ಗುಟ್ಟಾಗಿ ಹಿಂಡಿಟ್ಟ, ರಕ್ತ ಹಿಡಿದ ಮೂರು ಸೀರೆಯ ತುಂಡುಗಳು ಸಿಕ್ಕವು. ಅತ್ತೆ ಹೊಲಸು ಅಂತಾಳೆ, ಹೇಳಬೇಡ ಎಂದು ಹುಡುಗಿ ಅವಳ ಕೈ ಹಿಡಿದಳು. ಕಸ್ತೂರಿ ನರ್ಸಿನ ಹತ್ತಿರ ಓಡಿದಳು. ಆಯಾಳ ಮಾತನ್ನು ದಾಖಲಿಸುವ ಅವಕಾಶ ನಿಯಮದಲ್ಲಿ ಇರಲಿಲ್ಲ. ಆದರೂ ನರ್ಸು ಒಳ್ಳೆಯವಳು, ಬಂದು ಅತ್ತೆಯ ಎದುರಿಗೇ ಇನ್ನೊಮ್ಮೆ ಕೇಳಿದಳು.

“ಏನಿಲ್ರಿ.”

ಮಧ್ಯಾಹ್ನ ಮೂರಕ್ಕೆ ರೇಣವ್ವ ತೀರಿಕೊಂಡಳು. ನಿಯಮದ ಪ್ರಕಾರ ಯಾರೂ ತಪ್ಪು ಮಾಡಿರಲಿಲ್ಲ.

ಸಾವಿನ ವಿಚಾರಣೆಗೆ ಕರೆಸಿದ್ದ ಹಂಪಿಹೊಳಿ ಅಲ್ಲಿ ಕಸ್ತೂರಿಯ ಹೇಳಿಕೆ ಕೇಳಿ ತಲೆತಗ್ಗಿಸಿದರು. ಆರು ತಿಂಗಳು ಕೂತು ಕೃತಕರೋಗಿಗೆ ಸಂಕೋಚ ಕಲಿಸಿದರು. ಈಗ ಅದೂ ‘ಏನಿಲ್ರಿ’ ಎನ್ನುತ್ತದೆ. ಪಕ್ಕದಲ್ಲೊಬ್ಬ ಅತ್ತೆ ಬೇಕಲ್ಲ, ಅದಕ್ಕೆ ಕಾಲೇಜು ಕಸ್ತೂರಿಯನ್ನೇ ನೇಮಿಸಿತು.

ಮತ್ತೊಮ್ಮೆ ಪರೀಕ್ಷೆಗೆ ಕೂರಬಹುದೇ ಎಂದು ಅವಳು ಒಂದೇ ಒಂದು ಸಲ ಕೇಳಿದಳು.

“ನಿಯಮ ಅದ ಅಲ್ಲವಾ ಕಸ್ತೂರಿ,” ಎಂದರು ಹಂಪಿಹೊಳಿ, ಅವಳ ಮುಖ ನೋಡದೆ. “ಮೂರೇ ಸಲ.”

ಈಗ ದಿನಾ ಇಪ್ಪತ್ತು ಹುಡುಗಿಯರು ಬರುತ್ತಾರೆ. ಎಲ್ಲರದೂ ಒಂದೇ ಮಾತು, ಉರುಹೊಡೆದದ್ದು: “ಅಮ್ಮಾ, ನೀವು ಒಂಚೂರು ಹೊರಗ ಹೋಗ್ರಿ.” ಅದಕ್ಕೆ ಇಪ್ಪತ್ತು ಅಂಕ. ಕಸ್ತೂರಿ ಎದ್ದು ಹೊರಗೆ ಹೋಗುತ್ತಾಳೆ.