ಕೈಯಾರೆ ಬರೆದ ದಾರಿ

"ಆ ಇನ್ನೊಂದು ಶಾಖೆ ನೆಟ್‌ವರ್ಕಲ್ಲಿ ಇನ್ನೂ ಕಾಣ್ತಿಲ್ವೇನೇ?" ಫೋನಿನಲ್ಲಿ ಹೆಡ್ ಆಫೀಸಿನ ಅಕ್ಕ ಕೇಳಿದಳು.

"ಇಲ್ಲ ಅಕ್ಕ. ನೀವು ಕಾಣ್ತೀರಿ, ಅವರು ಕಾಣಲ್ಲ."

ಬೇರೆ ಶಾಖೆಗಳಿಗೆ ದಾರಿ ತೋರಿಸುವ ನಮ್ಮ ಶಾಖೆಯ ರೂಟರ್ ನೋಡಿಕೊಳ್ಳುವವಳು ನಾನು, ಆ ಶಾಖೆಯದನ್ನು ಅವನು. ತರಬೇತಿಯ ವಾರ ಪಕ್ಕದಲ್ಲಿ ಕೂತು ನನ್ನ ಪೆನ್ನಿನ ಮುಚ್ಚಳ ಕದ್ದವನು. ಕೇಳಿದರೆ ಕಿಟಕಿಯಾಚೆ ನೋಡುತ್ತ ನಗು ನುಂಗಿದವನು.

ಹೊರಡುವಾಗ "ಫೋನ್ ಮಾಡ್ತೀರಾ?" ಎಂದಿದ್ದ. "ನೀವೇ ಮಾಡಿ" ಎಂದಿದ್ದೆ. ಇಬ್ಬರೂ ಮಾಡಲಿಲ್ಲ.

ಆಮೇಲೆ ನನ್ನೊಳಗೆ ಏನೋ ಮರಗಟ್ಟಿತು. ಮನೆಗೊಂದು ಸಂಬಂಧ ಬಂದಿತ್ತು. ಇವತ್ತು ಸಂಜೆಯೊಳಗೆ ಉತ್ತರ ಹೇಳು ಎಂದಿದ್ದರು ಅಪ್ಪ. ಒಪ್ಪಲು ಅಡ್ಡಿಯೇನಿರಲಿಲ್ಲ. "ಹೂಂ" ಅನ್ನಲು ನಾಲಿಗೆಯಷ್ಟೇ ಏಳುತ್ತಿರಲಿಲ್ಲ.

"ಸ್ಪ್ಲಿಟ್ ಹೊರೈಜನ್ ಕಣೇ," ಅಂದಳು ಅಕ್ಕ. "ಯಾವ ಬಾಗಿಲಿಂದ ದಾರಿ ಸುದ್ದಿ ಬಂತೋ, ಆ ಬಾಗಿಲಲ್ಲಿ ವಾಪಸ್ ಹೇಳಬಾರದು ಅಂತ ನನ್ನ ರೂಟರಿಗೆ ಕಟ್ಟಳೆ. ಇಲ್ದಿದ್ರೆ ಸತ್ತ ದಾರಿನೂ ಇದೆ ಇದೆ ಅಂತ ಸುತ್ತುತ್ತಾ ಇರತ್ತೆ. ಈ ಫ್ರೇಮ್ ರಿಲೇ ಲೈನಲ್ಲಿ ನಿಮ್ಮಿಬ್ಬರಿಗೂ ನನ್ನ ಹತ್ರ ಒಂದೇ ಬಾಗಿಲು. ಅವನ ಸುದ್ದಿ ನಿನಗೆ ಹೇಗೆ ತಲುಪಬೇಕು?"

ಅಜ್ಜಿಯ ಕಥೆಯಲ್ಲೊಂದು ಗಿಣಿಯಿತ್ತು, ಸುದ್ದಿ ಕೇಳಿದ ಕಿಟಕಿಯಲ್ಲೇ ಅದನ್ನು ಮರಳಿ ಉಲಿಯದ ಗಿಣಿ. ಒಂದೇ ಕಿಟಕಿಯ ಕೆಳಗೆ ಕಾದ ರಾಜಕುಮಾರ, ರಾಜಕುಮಾರಿ ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದೆ ಕಲ್ಲಾದರು.

"ಕಟ್ಟಳೆ ತೆಗೆಯೋಕೆ ಸಾಹೇಬರು ಒಪ್ಪಲ್ಲ. ನಿನ್ನ ರೂಟರಲ್ಲಿ ನೀನೇ ಕೈಯಾರೆ ಅವನ ಕಡೆಗೆ ದಾರಿ ಬರಿ. ಆದ್ರೆ ಅದು ಹೋಗೋಕೆ ಮಾತ್ರ. ಉತ್ತರ ಬರಬೇಕಂದ್ರೆ ಅವನೂ ನಿನ್ನ ಕಡೆಗೆ ಬರೀಬೇಕು. ಇರು, ಆಮೇಲೆ ಅವನಿಗೂ ಹೇಳ್ತೀನಿ."

ಬರೆದೆ. ಒಂದೇ ಸಾಲು. ಉತ್ತರ ಬಾರದೆಂದು ಗೊತ್ತಿದ್ದೂ ಸುಮ್ಮನೆ 'ಇದ್ದೀರಾ?' ಎಂದು ಕೇಳುವ ಪಿಂಗ್ ಕಳಿಸಿದೆ.

ಉತ್ತರ ಬಂತು. ಮತ್ತೂ ಬಂತು.

"ಅಕ್ಕ, ಅವರಿಗೆ ಹೇಳಿಬಿಟ್ರಾ?"

"ಎಲ್ಲೇ! ನಿನ್ ಜೊತೆನೇ ಹರಟ್ತಾ ಇದೀನಲ್ಲ."

ಫೋನಿಟ್ಟು ಅವನ ಶಾಖೆಗೆ ಡಯಲ್ ಮಾಡಿದೆ.

"ನಮ್ಮ ಕಡೆಗೆ ದಾರಿ ಯಾವಾಗ ಬರೆದ್ರಿ?" ಹಲೋ ಕೂಡ ಅನ್ನದೆ ಕೇಳಿದೆ.

ಅವನು ಮೆಲ್ಲಗೆ ಹೇಳಿದ, "ತರಬೇತಿಯಿಂದ ವಾಪಸ್ ಬಂದ ದಿನಾನೇ. ನೀವೇನಾದ್ರೂ ಈ ಕಡೆ ಬಂದ್ರೆ, ಉತ್ತರ ಸಿಗದೆ ಹೋಗಬಾರದು ಅಂತ."

"ಫೋನ್ ಮಾಡಬಹುದಿತ್ತಲ್ಲ?"

"ಅಷ್ಟು ಧೈರ್ಯ ಇದ್ದಿದ್ರೆ ಪೆನ್ನೇ ಕದೀತಿದ್ದೆ. ಬರೀ ಮುಚ್ಚಳಕ್ಕೆ ನಿಲ್ತಿದ್ನಾ?"

ನಗು ಬರಲಿಲ್ಲ. ಜೋಮು ಹಿಡಿದ ಕಾಲಿಗೆ ರಕ್ತ ಹರಿದಾಗ ಮೊದಲು ಚುಚ್ಚುತ್ತದಲ್ಲ, ಹಾಗೆ ಎದೆ ಚುಚ್ಚಿತು.

"ಪೆನ್ನು ಒಣಗಿಹೋಗಿದೆ," ಎಂದೆ.

"ಮುಚ್ಚಳ ತಂದ್ಕೊಡ್ಲಾ?"

"ಹೂಂ."

ಸಂಜೆಯವರೆಗೆ ಕಾಯಲಿಲ್ಲ. ಅದೇ ಫೋನಿನಲ್ಲಿ ಅಪ್ಪನಿಗೆ, "ಆ ಸಂಬಂಧ ಬೇಡಪ್ಪಾ" ಎಂದೆ.