ನರ್ಸಮ್ಮನ ನೋಟ್‌ಬುಕ್

ಬೊಲೆರೋ ಎರಡನೇ ಸಲ ಗುದ್ದಿತು.

ಬೈಕಿನ ಸೈಲೆನ್ಸರ್ ಕಿತ್ತು ರಸ್ತೆಗೆ ಬಿತ್ತು. ಹ್ಯಾಂಡಲ್ ಕೈತಪ್ಪಿ ಮತ್ತೆ ಕೈಗೆ ಬಂತು. ಎಡಕ್ಕೆ ಸೋಲಾರ್ ಪ್ಲಾಂಟಿನ ಮುಳ್ಳುತಂತಿ... ಬಲಕ್ಕೆ ಹಳ್ಳ. ಹಿಂದಿನ ಸೀಟಿನಲ್ಲಿ ರಾಧಾಮಣಿ. ಅವಳು ಕಿರುಚಲಿಲ್ಲ. ಎದೆಗೆ ಅವಚಿಕೊಂಡಿದ್ದ ನೋಟ್‌ಬುಕ್ಕನ್ನೂ ಬಿಡಲಿಲ್ಲ.

ಮಣ್ಣುದಾರಿಯೊಂದು ಕಂಡಿತು. ತಿರುಗಿಸಿದೆ.

ಎದುರಿಗೆ ಕುರಿಮಂದೆ!

ಬೈಕ್ ಹೇಗೋ ಸಂದಿಯಲ್ಲಿ ತೂರಿತು. ಬೊಲೆರೋಗೆ ಅಷ್ಟು ಸಂದಿ ಸಿಗಲಿಲ್ಲ.

ನನ್ನ ಬಗ್ಗೆ ಹೇಳಿಬಿಡುತ್ತೇನೆ, ಸಾರ್. ಹೆಸರು ಅಂಜನ್ ಕುಮಾರ್. ಒಂದು ಕಾಲದಲ್ಲಿ ಪೊಲೀಸ್. ಈಗ ತಲೆಮರೆಸಿಕೊಂಡವರನ್ನು ಹುಡುಕಿಕೊಡುವುದೇ ಕಸುಬು. ರಾಧಾಮಣಿಯನ್ನು ಹುಡುಕಲು ಹೇಳಿದವಳು ಶಿರಾದ ಸುಮೈರಾ, ಶಾಲೆಯಲ್ಲಿ ಟೀಚರ್. ಅವಳ ಅಬ್ಬಾ ಖಲೀಲುಲ್ಲಾ ಸಾಹೇಬರಿಗೆ ಗಂಟಲ ಆಪರೇಷನ್ ಆಗಿತ್ತು. ಕತ್ತಿಗೆ ಹಾಕಿದ ಕೊಳವೆಯಲ್ಲೇ ಉಸಿರಾಟ. ಅದರಲ್ಲಿ ಕಫ ಕಟ್ಟಿದಾಗಲೆಲ್ಲ ಮೆಷಿನ್ನಿನಿಂದ ಹೀರಿ ತೆಗೆಯಬೇಕು. ಹೋಮ್ ಕೇರ್ ಏಜೆನ್ಸಿಯೊಂದು ಮೆಷಿನ್ನನ್ನು ಕಳಿಸಿತ್ತು, ಜೊತೆಗೆ ‘ನರ್ಸ್’ ಅಂತ ರಾಧಾಮಣಿಯನ್ನೂ.

ಒಂದು ಮಧ್ಯಾಹ್ನ, ಸುಮೈರಾ ಶಾಲೆಯಲ್ಲಿದ್ದಾಗ, ಮೆಷಿನ್ ನಿಂತಿತು.

ಸಾಹೇಬರ ಉಸಿರೂ ನಿಂತಿತು.

ಸಂಜೆಯೊಳಗೆ ರಾಧಾಮಣಿ ನಾಪತ್ತೆ.

ಹದಿನೆಂಟು ದಿನ ಹುಡುಕಿದೆ. ಏಜೆನ್ಸಿಯವರು ಅವಳನ್ನು ಪಾವಗಡದಾಚೆಯ ಹಳ್ಳಿಗೆ, ಇನ್ನೊಬ್ಬ ರೋಗಿಯ ಮಂಚದ ಪಕ್ಕಕ್ಕೆ ಸಾಗಿಸಿದ್ದರು. ಯೂನಿಫಾರ್ಮ್ ಅದೇ... ಬ್ಯಾಡ್ಜಿನಲ್ಲಿ ಹೆಸರು ಮಾತ್ರ ಬೇರೆ. ನನ್ನನ್ನು ಕಂಡು ಓಡಲಿಲ್ಲ. ರೋಗಿಯನ್ನು ಆ ಮನೆಯ ಸೊಸೆಗೆ ಒಪ್ಪಿಸಿ, ಬ್ಯಾಗಿನಿಂದ ನೋಟ್‌ಬುಕ್ ತೆಗೆದುಕೊಂಡು ಹೊರಟಳು. ಊರು ದಾಟುವಷ್ಟರಲ್ಲಿ ಏಜೆನ್ಸಿಯವರ ಬೊಲೆರೋ ಹಿಂದೆ ಬಿದ್ದಿತ್ತು.

ಪಾವಗಡದಲ್ಲಿ ಬೈಕ್ ಬಿಟ್ಟು ಬಸ್ ಹತ್ತಿದೆವು. ತುಂಬಿದ ಬಸ್ಸಿನಲ್ಲಿ ಯಾರೂ ಕೈ ಮಾಡುವುದಿಲ್ಲ. ಕಿಟಕಿಯ ಪಕ್ಕ ಕೂತು ಅವಳು ಎಲ್ಲವನ್ನೂ ಹೇಳಿದಳು. ಮೊದಲು ಮಧುಗಿರಿಯ ಬಟ್ಟೆ ಅಂಗಡಿಯಲ್ಲಿದ್ದಳಂತೆ. ಏಜೆನ್ಸಿ ಕೊಟ್ಟದ್ದು ಎರಡು ದಿನದ ಟ್ರೈನಿಂಗ್.

“ದಿಂಬಿಗೆ ಪೈಪ್ ಇಟ್ಟು ತೋರ್ಸಿದ್ರು ಅಣ್ಣಾ. ದಿಂಬು ಕೆಮ್ಮಾಕಿಲ್ವಲ್ಲ...”

ನೋಟ್‌ಬುಕ್ ತೆರೆದೆ. ಎಂಟು ದಿನವೂ ಒಂದೇ ಸಾಲು. ಮೆಷಿನ್ ಸದ್ದು ಮಾಡುತ್ತಿದೆ, ಬದಲಾಯಿಸಿ. ಕೆಳಗೆ ‘ನರ್ಸ್ ರಾಧಾಮಣಿ’ ಅಂತ ಸಹಿ. ಪ್ರತಿದಿನ ಆ ಪುಟದ ಫೋಟೋ ಆಫೀಸಿಗೆ ಕಳಿಸಿದ್ದಳು. ಒಂಬತ್ತನೇ ದಿನ, ಮೆಷಿನ್ ನಿಂತಾಗ, ಹನ್ನೊಂದು ಸಲ ಫೋನ್ ಮಾಡಿದ್ದಳು. ಅಡ್ಜಸ್ಟ್ ಮಾಡಿಕೋ ಅಂದರಂತೆ.

“ಕೊನೆಗೆ ಪೈಪಿಗೆ ಬಾಯಿ ಹಾಕಿ ಹೀರ್ದೆ ಅಣ್ಣಾ. ಆಗ್ಲಿಲ್ಲ.”

ಮಿಡಿಗೇಶಿ ದಾಟಿದ ಮೇಲೆ ನೋಟ್‌ಬುಕ್ ಮುಚ್ಚಿ ಅವಳ ಕೈಗಿಟ್ಟೆ. ಆಮೇಲೆ ಹೇಳಿದೆ. “ನೀನು ಸಾಕ್ಷಿ ಕಣಮ್ಮ. ನಿನಗೇನೂ ಆಗಲ್ಲ.”

ಇಪ್ಪತ್ತು ವರ್ಷ ಪೊಲೀಸ್ ಆಗಿದ್ದವನು ಹೇಳಿದ ಮಾತು ಇದು, ಸಾರ್!

ಶಿರಾದಲ್ಲಿ ಬಸ್ ಇಳಿದು ನೇರ ಠಾಣೆಗೆ ಹೋದೆವು. ನಾನು ಫೋನ್ ಮಾಡಿ ಕರೆಸಿದ್ದ ಸುಮೈರಾ ಗೇಟಿನಲ್ಲೇ ನಿಂತಿದ್ದಳು. ನಿಂತಲ್ಲೇ ಎಂಟೂ ಪುಟ ಓದಿದಳು. ರಾಧಾಮಣಿಗೆ ಹೊಡೆಯುತ್ತಾಳೇನೋ ಅಂದುಕೊಂಡೆ. ಅವಳ ಕೈ ಹಿಡಿದುಕೊಂಡಳು.

ಒಳಗೆ ಏಜೆನ್ಸಿಯ ಮಾಲೀಕ ಪ್ರಭುದೇವ್ ಕಾಫಿ ಕುಡಿಯುತ್ತಾ ಕೂತಿದ್ದ.

ಬೆಳಿಗ್ಗೆಯೇ ದೂರು ಕೊಟ್ಟಿದ್ದನಂತೆ. ಯೋಗ್ಯತೆಯಿಲ್ಲದ ಹೆಂಗಸೊಬ್ಬಳು ನಕಲಿ ಸರ್ಟಿಫಿಕೇಟ್ ತೋರಿಸಿ ಮೋಸ ಮಾಡಿದಳು ಅಂತ. ಸರ್ಟಿಫಿಕೇಟ್ ಮಾಡಿಸಿದ್ದು ಅವನ ಆಫೀಸೇ. ತಮ್ಮದು ಮನೆಗಳಿಗೆ ಕೆಲಸದವರನ್ನು ಪರಿಚಯ ಮಾಡಿಕೊಡುವ ಕಂಪನಿ ಮಾತ್ರ ಅಂತ ಅಗ್ರಿಮೆಂಟ್ ಮುಂದಿಟ್ಟ. ಕೆಳಗೆ ಸುಮೈರಾಳ ಸಹಿ ಇತ್ತು.

ಇನ್‌ಸ್ಪೆಕ್ಟರ್ ನಂದೀಶ್ವರಯ್ಯ ನೋಟ್‌ಬುಕ್ ತಿರುವಿ ಹಾಕಿದರು.

“ನರ್ಸ್ ಅಂತ ಇವ್ಳೇ ಕೈಯಾರೆ ಬರ್ದವ್ಳಲ್ಲ ಅಂಜನ್. ಇನ್ನೇನ್ ಸಾಕ್ಷಿ ಬೇಕು?”

ಮೆಷಿನ್ ಚೆಕ್ ಮಾಡಬೇಕಾದವರು ಯಾರು ಅಂತ ಕೇಳಿದೆ. ಅದು ಹೆಲ್ತ್‌ನವರದು ಅಂದರು. ಹೆಲ್ತ್ ಆಫೀಸಿಗೆ ನಾನು ಮೊದಲೇ ಫೋನ್ ಮಾಡಿದ್ದೆ. ಅವರು ಪೊಲೀಸರನ್ನು ಕೇಳಿ ಅಂದಿದ್ದರು. ಇವಳಲ್ಲ, ಮೆಷಿನ್ ಕೊಟ್ಟವನನ್ನು ಹಿಡಿಯಿರಿ ಅಂತ ಸುಮೈರಾ ಮತ್ತೆ ಮತ್ತೆ ಹೇಳಿದಳು. ಬರೆದುಕೊಳ್ಳುತ್ತಿದ್ದ ರೈಟರ್ ಅದೊಂದನ್ನು ಬರೆದುಕೊಳ್ಳಲಿಲ್ಲ.

ರಾಧಾಮಣಿಯನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ಒಮ್ಮೆ ನಿಂತಳು.

“ಏನೂ ಆಗಾಕಿಲ್ಲ ಅಂದಿದ್ರಲ್ಲಾ ಅಣ್ಣಾ.”

ನಾನು ಬೆನ್ನು ತಿರುಗಿಸಿ ಆಚೆ ಬಂದೆ.

ಹೊರಗೆ ಪ್ರಭುದೇವ್ ನನ್ನ ಹೆಗಲ ಮೇಲೆ ಕೈಯಿಟ್ಟ. ನನ್ನಂಥ ಗಟ್ಟಿಗರು ಬೇಕಂತೆ. ಏಜೆನ್ಸಿಯಲ್ಲಿ ಕ್ವಾಲಿಟಿ ಚೆಕ್ ಮಾಡುವ ಕುರ್ಚಿ ಮೊದಲ ದಿನದಿಂದಲೂ ಖಾಲಿಯೇ ಇದೆಯಂತೆ.

ಅವತ್ತು ಅವನು ಆಡಿದ ಒಂದೇ ನಿಜ ಅದು.